ಡ್ರಿಲ್ ಮೇಷ್ಟ್ರ ಹಬ್ಬದ ಹೊಟ್ಟೆ

ಕೆಲವರಿಗೆ ಮಾನ ಒಂದೇ ಏಟಿಗೆ ಹೋಗುತ್ತೆ, ಆಮೇಲೆ ಅವರು ನಿಶ್ಚಿಂತೆಯಾಗಿ ಇದ್ದುಬಿಡುತ್ತಾರೆ. ನನ್ನದು ಹಾಗಲ್ಲ. ಹಬ್ಬದ ರಜ ಬಂದಾಗಲೆಲ್ಲ ಒಂದಿಷ್ಟು ಹೋಗುತ್ತೆ, ಮುಂದಿನ ಹಬ್ಬಕ್ಕೆ ಅಂತ ಒಂದಿಷ್ಟು ಉಳಿಯುತ್ತೆ. ಅದರಲ್ಲೂ ಯುದ್ಧದ ಕಾಲದ ಒಂದು ದಸರಾ ರಜ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಕೂತಲ್ಲೇ ಕಿವಿ ಬಿಸಿಯಾಗುತ್ತೆ. ಯಾರ ಹತ್ತಿರವೂ ಹೇಳಿರಲಿಲ್ಲ. ಈಗ ವಯಸ್ಸಾಯಿತು, ಹೇಳಿಬಿಡುತ್ತೇನೆ.

ಕರಿದದ್ದು ಮುಟ್ಟಬೇಡಿ

ಆಗ ನಾನು ಮದ್ದೂರಿನ ಒಂದು ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮೂರು ವರ್ಷದಿಂದ ಟೆಂಪರವರಿ. ರಜಕ್ಕೆ ಎರಡು ದಿನ ಇದೆ ಅನ್ನುವಾಗ ಹೆಡ್‌ಮೇಷ್ಟ್ರು ಕರೆದರು.

"ನೋಡಿ, ಮಂಡ್ಯಕ್ಕೆ ಹೊಸ ಇನ್‌ಸ್ಪೆಕ್ಟರು ಬಂದಿದ್ದಾರೆ. ರಜ ಮುಗಿದ ಮಾರನೇ ದಿನವೇ ನಮ್ಮಲ್ಲಿಗೆ ಬರ್ತಾರಂತೆ. ಮಕ್ಕಳಿಗೆ ಓಡು ಅನ್ನೋನು ತಾನು ಮೊದಲು ಓಡಿ ತೋರಿಸಬೇಕು ಅನ್ನೋದು ಅವರ ಹಟ. ನೀವು ಒಂದು ಮೈಲಿ ಓಡಬೇಕು. ಓಡಿದರೆ ಖಾಯಂ. ಇಲ್ಲದಿದ್ದರೆ ಮನೆಗೆ," ಅಂದು ನನ್ನ ಹೊಟ್ಟೆಯ ಕಡೆ ನೋಡಿ, "ಹಬ್ಬದಲ್ಲಿ ಸ್ವಲ್ಪ ನಿಗಾ ಇರಲಿ," ಅಂದರು.

ಮನೆಗೆ ಅಂದರೆ ನನಗೆ ಮನೆಯಾದರೂ ಎಲ್ಲಿತ್ತು? ಅಪ್ಪ ಅಮ್ಮ ಇರಲಿಲ್ಲ, ಹೊಲ ಗದ್ದೆ ಇರಲಿಲ್ಲ. ಕಿರುಗಾವಲು ಪಕ್ಕದ ಹಳ್ಳಿಯ ಮಾವನ ಮನೆಯಲ್ಲಿ ಮನೆಯಳಿಯನಾಗಿ ಎಮ್ಮೆ ಮೇಯಿಸಬೇಕಿತ್ತು, ಅಷ್ಟೆ. ಹೆಂಡತಿ ತುಂಬು ಬಸುರಿ, ತವರಿನಲ್ಲಿದ್ದಳು. "ಮಗ ಉಟ್ಟೋ ಒತ್ಗೆ ನೀವು ಕಾಯಮ್ಮಾಗಿರ್ಬೇಕು ಕಣ್ರೀ," ಅಂತ ಹೇಳಿಕಳಿಸಿದ್ದಳು.

ಆ ಭಯಕ್ಕೋ ಏನೋ, ರಜ ಬಿಡುವ ದಿನ ಮಕ್ಕಳನ್ನೆಲ್ಲ ನಿಲ್ಲಿಸಿ ಒಂದು ಗಂಟೆ ಭಾಷಣ ಮಾಡಿದೆ. ಹಬ್ಬ ಅಂತ ಸಿಕ್ಕಿದ್ದೆಲ್ಲ ತಿನ್ನಬೇಡಿ, ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟಲೇಬೇಡಿ, ಮಜ್ಜಿಗೆ ಕುಡೀರಿ, ದಿನಾ ಬೆಳಿಗ್ಗೆ ಒಂದು ಮೈಲಿ ಓಡಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ನನಗೇ ಕಣ್ಣಲ್ಲಿ ನೀರು ಬರುವ ಹಾಗೆ ಮಾತಾಡಿದೆ.

ಅಷ್ಟು ಮಾತಾಡಿದ ಮೇಲೆ ಹಸಿವಾಗದೆ ಇರುತ್ತಾ? ಸಾಯಂಕಾಲ ರೈಲ್ವೆ ಪ್ಲಾಟ್‌ಫಾರಮ್ಮಿಗೆ ಹೋದೆ. ಬಿಸಿ ವಡೆ ಬಂದಿತ್ತು. ನಾಲ್ಕು ತಗೊಂಡು, ಕಂಬದ ಮರೆಗೆ ನಿಂತು, ಎರಡನ್ನು ಒಟ್ಟಿಗೇ ಬಾಯಿಗೆ ಇಟ್ಟೆ. ಹೊರಡುವ ರೈಲು ಅಲ್ಲೇ ನಿಂತಿತ್ತು. ಕಂಬ ನನ್ನನ್ನು ಪ್ಲಾಟ್‌ಫಾರಮ್ಮಿಗೆ ಮರೆ ಮಾಡಿತ್ತೇ ಹೊರತು ರೈಲಿಗಲ್ಲ. ಎದುರಿನ ಕಿಟಕಿಯಲ್ಲಿ, ಊರಿಗೆ ಹೊರಟಿದ್ದ ನನ್ನ ವಿದ್ಯಾರ್ಥಿಯೊಬ್ಬ ಕಣ್ಣೀರು ಹಾಕುತ್ತಾ ಕೂತಿದ್ದ. ಅವನ ಪಕ್ಕದಲ್ಲಿ ಅವನಪ್ಪ, ಕೈಯಲ್ಲಿ ವಡೆ.

"ಮೇಷ್ಟ್ರೇ, ಬೋ ಒಳ್ಳೇ ಒತ್ಗೆ ಸಿಕ್ಕುದ್ರಿ," ಅಂದ ಅವನಪ್ಪ. "ನೀವು ಕರ್ದುದ್ದು ಮುಟ್ಬ್ಯಾಡಿ ಅಂದ್ರಂತೆ. ಆಸೆ ತಡಿಯಕ್ಕಾಗ್ದೆ ಅಳ್ತಾ ಕುಂತವ್ನೆ, ಆದ್ರೂ ತಿನ್ನಾಕಿಲ್ಲ ಅಂತಾನೆ. ಇವನ ಪಾಲಿಂದೂ ನೀವೇ ತಕಳಿ ಅತ್ಲಾಗೆ." ಕಿಟಕಿಯಿಂದ ಕೈಚಾಚಿ ವಡೆ ಕೊಟ್ಟ.

ನನ್ನ ಬಾಯಿ ತುಂಬಿತ್ತು, ಬೇಡ ಅನ್ನೋದಕ್ಕೂ ಆಗಲಿಲ್ಲ. ರೈಲು ಹೊರಟಿತು. ಹುಡುಗ ಕಣ್ಣು ಮರೆಯಾಗುವವರೆಗೂ ನನ್ನನ್ನೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿ, ಅದನ್ನೂ ತಿಂದೆ.

ಇದ್ದಿಲು ಬಸ್ಸು

ಮಾರನೇ ದಿನ ಮಾವನ ಊರಿಗೆ ಹೊರಟೆ. ಪೆಟ್ರೋಲು ಸಿಗದ ಕಾಲ. ಹಿಂದುಗಡೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಓಡುವ ಅಂತ ಮರ್ಯಾದೆಗೆ ಹೇಳಿದೆ. ಮಳವಳ್ಳಿ ದಾಟಿ ಒಂದು ಏರು ಬಂದ ಕೂಡಲೇ ಕೆಮ್ಮಿ ನಿಂತಿತು. ಡ್ರೈವರ್ ಇಳಿದು ಬಂದ. "ಎಲ್ಲ ಇಳ್ದು ತಳ್ಳಿ. ಡ್ರಿಲ್ ಮೇಷ್ಟ್ರು ಅವ್ರೆ, ಇನ್ನೇನು ಬುಡಿ!"

ಒಳ್ಳೇದೇ ಆಯ್ತು, ವ್ಯಾಯಾಮ ಇಲ್ಲಿಂದಲೇ ಶುರುವಾಗಲಿ ಅಂದುಕೊಂಡೆ. ಶಲ್ಯ ಸೊಂಟಕ್ಕೆ ಬಿಗಿದು, ಬಸ್ಸಿನ ಹಿಂದೆ ನಡುಮಧ್ಯ ನಿಂತು, "ಒಂದ್! ಎರಡ್!" ಅಂತ ಲೆಕ್ಕ ಹೇಳತೊಡಗಿದೆ. ಹತ್ತು ಹೆಜ್ಜೆಗೆ ಉಸಿರು ಕಟ್ಟಿತು. ಲೆಕ್ಕ ಮಾತ್ರ ನಿಲ್ಲಿಸಲಿಲ್ಲ. ಲೆಕ್ಕ ಹೇಳುವವನು ತಳ್ಳುತ್ತಿದ್ದಾನೋ ಇಲ್ಲವೋ ಅಂತ ಯಾರೂ ನೋಡುವುದಿಲ್ಲ, ಇದು ಡ್ರಿಲ್ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಗುಟ್ಟು.

ನನ್ನ ಪಕ್ಕದಲ್ಲಿ ಒಬ್ಬಳು ಮುದುಕಿ, ಕಂಕುಳಲ್ಲಿ ಕೋಳಿ ಅವುಚಿಕೊಂಡು ಒಂದೇ ಕೈಯಲ್ಲಿ ತಳ್ಳುತ್ತಿದ್ದಳು. ಏರು ಅರ್ಧ ಆದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಅಲ್ಲ ಮೇಷ್ಟ್ರಪ್ಪ, ನೀನು ಬಸ್ಸು ತಳ್ತಿದ್ದಿಯೋ, ಒರಗ್ಕಂಡು ಬತ್ತಿದ್ದಿಯೋ?"

ಉಪವಾಸ

ಮಾವನ ಮನೆ ತಲುಪಿದ್ದು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಪಟ್ಟಣದಲ್ಲಿ ರೇಷನ್ನು ಅಂತ ಬಾಯಿ ಬಡಿದುಕೊಳ್ಳುತ್ತಿದ್ದರೂ ಹಳ್ಳಿಯಲ್ಲಿ ಹಿರಿಯರ ಹಬ್ಬಕ್ಕೆ ಏನೂ ಕಮ್ಮಿ ಇರಲಿಲ್ಲ. ಹಿತ್ತಲಲ್ಲಿ ಕುರಿಮರಿ ಕಟ್ಟಿತ್ತು, ಕಜ್ಜಾಯದ ಪಾಕ ಘಮ್ಮೆನ್ನುತ್ತಿತ್ತು. ಆ ಮನೆಯಲ್ಲಿ ಬೇಡ ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಅಳಿಯ ಸಾಕು ಅಂದರೆ ಅತ್ತೆ ಅದನ್ನು ಸಂಕೋಚ ಅಂತ ತಿಳಿದು ಇನ್ನೆರಡು ಬಡಿಸುತ್ತಾರೆ. ಕೈ ಅಡ್ಡ ಇಟ್ಟರೆ ಕೈಮೇಲೇ ಬಡಿಸುತ್ತಾರೆ.

ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಸ್ನಾನ ಮಾಡಿ ಬಂದು ಗಂಭೀರವಾಗಿ ಹೇಳಿದೆ: "ಮಾವ, ನಾನಿವತ್ತು ಉಪವಾಸ."

ಮಾವ ಕೂತಿದ್ದವರು ಎದ್ದು ನಿಂತರು. ಕಣ್ಣು ತುಂಬಿ ಬಂತು. "ಅಳಿಮಯ್ಯ, ನಮ್ಮಪ್ಪನ ಎಸ್ರಲ್ಲಿ ನೀನು ಉಪಾಸ ಇದ್ದೀಯಾ? ನನ್ ಒಟ್ಟೇಲುಟ್ಟಿದ ಮಕ್ಳೇ ಎದ್ದೇಟ್ಗೆ ರೊಟ್ಟಿ ತಿಂದು ಕುಂತವ್ರಲ್ಲ!" ಅಂದು ಒಳಗೆ ಕೂಗಿದರು, "ಏ ಇವಳೇ, ಕೇಳ್ದಾ? ಎಡೆ ಅಳಿಮಯ್ಯನೇ ಉಣ್ಣಾದು ಕಣಮ್ಮಿ!"

ನನಗೆ ಅರ್ಥವಾಗಲಿಲ್ಲ. ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ನಕ್ಕು ಬಿಡಿಸಿ ಹೇಳಿದಳು. ಅವರ ಮನೆ ಪದ್ಧತಿ ಹಾಗಂತೆ. ಯಾರು ಉಪವಾಸ ಇರುತ್ತಾರೋ ಅವರೇ ಹಿರಿಯರಿಗೆ ಎಡೆ ಇಡಬೇಕು, ಪೂಜೆ ಆದ ಮೇಲೆ ಆ ಎಡೆಯನ್ನು ಅವರೇ ಉಣ್ಣಬೇಕು. ಬಿಡುವ ಹಾಗಿಲ್ಲ. ಬಿಟ್ಟರೆ ಹಿರಿಯರು ಹಸಿದುಕೊಂಡು ಹೋದ ಹಾಗೆ. ಎಡೆಯಲ್ಲಿ ಏನಿರಬೇಕು ಅಂದರೆ, ತೀರಿಕೊಂಡವರು ಏನು ಉಣ್ಣುತ್ತಿದ್ದರೋ ಅದು, ಎಷ್ಟು ಉಣ್ಣುತ್ತಿದ್ದರೋ ಅಷ್ಟು.

"ನಿಮ್ಮ ತಾತ ಎಷ್ಟು ಉಣ್ತಿದ್ರು?" ಅಂದೆ.

"ಪಂದ್ಯ ಕಟ್ಟಿ ಉಣ್ತಿದ್ರು ಕಣ್ರೀ," ಅಂದಳು.

ಎರಡು ಬಾಳೆಲೆ ಜೋಡಿಸಿ ಹಾಕಿದರು. ಮೂರು ಮುದ್ದೆ, ಒಂದು ತಪ್ಪಲೆ ಬಾಡಿನ ಸಾರು, ತಲೆಮಾಂಸದ ಗೊಜ್ಜು, ಒಂಬತ್ತು ವಡೆ, ಹನ್ನೆರಡು ಕಜ್ಜಾಯ, ಮೇಲೆ ಅನ್ನ. ಮನೆಯವರೆಲ್ಲ ಸುತ್ತ ಕೂತು ಭಕ್ತಿಯಿಂದ ನೋಡುತ್ತಿದ್ದರು. ಮೊದಲನೇ ಮುದ್ದೆಗೆ ನನಗೆ ಇನ್‌ಸ್ಪೆಕ್ಟರ ಜ್ಞಾಪಕ ಬಂತು. ಎರಡನೇ ಮುದ್ದೆಗೆ ಮರೆತುಹೋಯಿತು. ನಾಚಿಕೆಯ ವಿಷಯ ಅಂದರೆ ಉಂಡಿದ್ದಲ್ಲ, ಅಷ್ಟೊಂದು ಖುಷಿಯಾಗಿ ಉಂಡಿದ್ದು. ಕೊನೆಯ ಕಜ್ಜಾಯ ಮುಗಿಸಿ ತೇಗಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮಾವಯ್ಯಾರೇ ಎದ್ದು ಬಂದು ಉಂಡಂಗಾತು," ಅಂದರು. "ಇಂಗೇ ದಸ್ರ ಮುಗಿಯಗಂಟ ಒಪ್ಪೊತ್ತು ಉಪಾಸ ಇರಪ್ಪ."

ಓಟ

ಅಮಾವಾಸ್ಯೆ ಕಳೆದ ಮೂರನೇ ದಿನ ಬುದ್ಧಿ ಬಂತು. ಇನ್ನು ಓಡದೆ ಗತಿಯಿಲ್ಲ ಅಂತ ಕೋಳಿ ಕೂಗುವ ಹೊತ್ತಿಗೆ ಎದ್ದು, ಸ್ಕೂಲಿನ ಖಾಕಿ ಚಡ್ಡಿ ಹಾಕಿಕೊಂಡು, ಊರ ಮುಂದಿನ ಓಣಿಯಲ್ಲಿ ಓಡತೊಡಗಿದೆ.

ನಾನು ಒಂದು ಸಂಗತಿ ಮರೆತಿದ್ದೆ. ಹಳ್ಳಿಯಲ್ಲಿ ದೊಡ್ಡ ಗಂಡಸು ಸುಮ್ಮಸುಮ್ಮನೆ ಓಡುವುದಿಲ್ಲ. ಓಡಿದರೆ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿರಬೇಕು, ಇಲ್ಲ ಯಾರಾದರೂ ಬಾವಿಗೆ ಬಿದ್ದಿರಬೇಕು. ನನ್ನನ್ನು ನೋಡಿದ ಮೊದಲನೆಯವನು ಕೈಲಿದ್ದ ಚೊಂಬು ಎಸೆದು ಹಿಂದೆ ಓಡಿ ಬಂದ. ಅವನನ್ನು ನೋಡಿ ಇನ್ನಿಬ್ಬರು. ನಾನು ತಿರುಗಿ ನೋಡಿದಾಗ ಅರ್ಧ ಊರು ಬರುತ್ತಿತ್ತು. ಒಬ್ಬನ ಕೈಲಿ ಹಗ್ಗ, ಒಬ್ಬನ ಕೈಲಿ ಗಡಾರಿ, ಹೆಂಗಸರ ಕೈಲಿ ನೀರಿನ ಕೊಡ. ಅವರನ್ನು ಕಂಡು ನಿಜವಾಗಿಯೂ ಏನೋ ಆಗಿದೆ ಅಂತ ಗಾಬರಿಯಾಗಿ ನಾನು ಇನ್ನೂ ಜೋರಾಗಿ ಓಡಿದೆ. ನಾನು ಓಡಿದ್ದು ನೋಡಿ ಅವರು ಇನ್ನೂ ಜೋರಾಗಿ ಓಡಿಬಂದರು.

ಕೊನೆಗೆ ರಾಗಿ ಹೊಲದ ಬದುವಿನ ಮೇಲೆ ಕುಸಿದು ಕೂತೆ. "ಏನಾತು ಮೇಷ್ಟ್ರೇ? ಯಾರ್ಗೇನಾತು?" ಅಂತ ಎಲ್ಲ ಮುತ್ತಿಕೊಂಡರು.

"ಏನೂ ಆಗಿಲ್ಲ. ಮೈ ಇಳಿಸೋದಕ್ಕೆ ಓಡ್ತಿದ್ದೆ," ಅಂದೆ.

ಹಗ್ಗ ತಂದವನು ಹಗ್ಗ ಸುತ್ತಿಕೊಂಡ. ಕೊಡ ಹೊತ್ತು ಬಂದಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈ ಇಟ್ಟು ಹೇಳಿದಳು: "ಮೈ ಇಳ್ಸಕ್ಕೆ ಓಡಾದು ಯಾಕಪ್ಪ, ಒಲ ತುಂಬ ಕಳೆ ಬೆಳ್ದು ನಿಂತದೆ, ಬಗ್ಗು."

ಅಷ್ಟು ಜನರ ಮುಂದೆ ಆಗಲ್ಲ ಅನ್ನೋದು ಹೇಗೆ? ಬಗ್ಗಿದೆ. ಅರ್ಧ ಸಾಲು ಕಿತ್ತೆ. ಬಗ್ಗಿದವನು ಏಳುವುದಕ್ಕಾಗದೆ ಹಾಗೇ ನಿಂತೆ. ಇಬ್ಬರು ಎರಡು ರಟ್ಟೆ ಹಿಡಿದು ನೆಟ್ಟಗೆ ಮಾಡಿದರು. ನಾನು ಕಿತ್ತದ್ದನ್ನು ನೋಡಿ ಆ ಹೆಂಗಸು ಹಣೆ ಚಚ್ಚಿಕೊಂಡಳು.

"ನಾಳಿಂದ ನೀನು ಓಡೇ ಓಡಪ್ಪ," ಅಂದಳು. "ಇದು ಕಳೆಯಲ್ಲ, ನಮ್ ರಾಗಿ."

ಬೆಲ್ಲದ ಅಚ್ಚು

ಆಮೇಲೆ ಓಡುವ ಮಾತು ಬಿಟ್ಟು ಗಾಳಿ ಸೇವನೆ ಶುರು ಮಾಡಿದೆ. ದಿನಾ ಸಾಯಂಕಾಲ ಆಲೆಮನೆಯವರೆಗೆ ನಡೆದು ಬರುವುದು. ಮೊದಲ ದಿನವೇ ಅಲ್ಲಿಯ ದೊಡ್ಡ ತಕ್ಕಡಿಯಲ್ಲಿ ಕೂತು ತೂಗಿಸಿಕೊಂಡೆ. ಕಲ್ಲು ಸಾಲದೆ ಆಲೆಮನೆಯ ಯಜಮಾನ ಇನ್ನೊಂದು ತಟ್ಟೆಗೆ ಬೆಲ್ಲದ ಅಚ್ಚನ್ನೇ ಜೋಡಿಸಿದ. ಎಪ್ಪತ್ತಾರು ಅಚ್ಚು ತೂಗಿದೆ.

ಆಲೆಮನೆಗೆ ಹೋದವರು ಬರಿಗೈಯಲ್ಲಿ ಬರುವ ಹಾಗಿಲ್ಲ. ಒಂದು ಲೋಟ ಕಬ್ಬಿನ ಹಾಲು, ಕೊಪ್ಪರಿಗೆಯಿಂದ ಎತ್ತಿದ ಬಿಸಿ ಬೆಲ್ಲ ಒಂದು ಎಲೆಯಲ್ಲಿ. ಯಜಮಾನ ಅತ್ತ ತಿರುಗಿದಾಗ ನಾನು ಕೈಗೆ ಸಿಕ್ಕ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದೂ ಉಂಟು. ದಿನಾ ನಡೆಯುತ್ತೇನಲ್ಲ, ಕರಗಿಹೋಗುತ್ತೆ ಅಂತ ಧೈರ್ಯ.

ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ತಕ್ಕಡಿಯಲ್ಲಿ ಕೂತೆ. ಎಪ್ಪತ್ತಾರು ಅಚ್ಚು ಇಟ್ಟರೂ ನನ್ನ ತಟ್ಟೆ ಮೇಲಕ್ಕೇಳಲಿಲ್ಲ. ಎಂಬತ್ತಕ್ಕೆ ಸಮ ಬಂತು. "ನಿಮ್ಮ ತಕ್ಕಡಿ ಸರಿಯಿಲ್ಲ," ಅಂದೆ ಸಿಟ್ಟಿನಿಂದ.

"ತಕ್ಕಡಿ ಸರ್ಯಾಗೇ ಅದೆ ಮೇಷ್ಟ್ರೇ," ಅಂದ ಯಜಮಾನ ನಿಧಾನವಾಗಿ. "ನಾಕಚ್ಚು ಬೆಲ್ಲ ಕಾಣೆ ಅಂತ ವಾರದಿಂದ ಆಳುಗಳ್ನ ಬಯ್ತಿದ್ದೆ. ಈಗ ಸಿಕ್ತು ಬುಡಿ."

ಒಂದು ಮೈಲಿ

ಪರೀಕ್ಷೆಯ ದಿನ ಬಂತು. ಇನ್‌ಸ್ಪೆಕ್ಟರು ಮಂಡ್ಯದಿಂದ ರೈಲಿನಲ್ಲಿ ಬಂದರು. ಒಣಕಲು ದೇಹ, ಪೇಟ, ಕೋಟು, ಕಚ್ಚೆ ಪಂಚೆ. "ಮಂಡ್ಯ ರಸ್ತೆಯಲ್ಲಿ ಅರ್ಧ ಮೈಲಿಗೆ ಕಲ್ಲಿದೆ. ಅದನ್ನು ಮುಟ್ಟಿ ಬನ್ನಿ," ಅಂತ ಜೇಬಿನಿಂದ ಗಡಿಯಾರ ತೆಗೆದರು. ಸ್ಕೂಲಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ಸೀಟಿ ಕೊರಳಿಗೆ ಹಾಕಿಕೊಂಡು ಓಡಿದೆ.

ತಿರುವಿನವರೆಗೆ ಮಾನಕ್ಕೆ ಅಂಜಿ ಓಡಿದೆ. ತಿರುವು ದಾಟಿ ಸ್ಕೂಲು ಕಾಣದಾದ ಕೂಡಲೇ ರಸ್ತೆ ಪಕ್ಕ ಕೂತುಬಿಟ್ಟೆ. ಅಷ್ಟರಲ್ಲಿ ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತ ಗಾಡಿಯೊಂದು ಬಂತು. ಗಾಡಿಯವನು ಗುರುತಿನವನು.

"ಯಾಕ್ ಮೇಷ್ಟ್ರೇ, ಇಂಗೆ ಕುಂತಿದ್ದೀರಿ?" ಅಂದ. ಅರ್ಧ ಮೈಲಿಯ ಕಲ್ಲು ಮುಟ್ಟಿ ಬರಬೇಕು, ಕಾಲು ಬರುತ್ತಿಲ್ಲ ಅಂದೆ. "ಗಾಡಿ ಅತ್ತಿ ಮನಿಕಳಿ, ಕಲ್ಲಿನ ತಾವ ಎಬ್ಬುಸ್ತೀನಿ," ಅಂದ.

ಯಾರ ಕಣ್ಣಿಗೂ ಬೀಳಬಾರದು ಅಂತ ಕಬ್ಬಿನ ಮೇಲೆ ಹತ್ತಿ, ಸೋಗೆ ಹೊದ್ದು ಮಲಗಿದೆ. ಹಿಂದಿನ ರಾತ್ರಿ ಭಯಕ್ಕೆ ನಿದ್ದೆಯಿರಲಿಲ್ಲ. ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ನನಗೆ ಕಣ್ಣು ಹತ್ತಿತು. ಎಬ್ಬಿಸುತ್ತೇನೆ ಅಂದಿದ್ದವನಿಗೂ ಹತ್ತಿತು. ಕಬ್ಬಿನ ಗಾಡಿಯವರು ಹಾಗೇ, ಎತ್ತುಗಳಿಗೆ ದಾರಿ ಬಿಟ್ಟು ಮಲಗುತ್ತಾರೆ. ಎತ್ತುಗಳಿಗೆ ಫ್ಯಾಕ್ಟರಿ ಗೊತ್ತಿತ್ತು, ಅರ್ಧ ಮೈಲಿಯ ಕಲ್ಲು ಗೊತ್ತಿರಲಿಲ್ಲ.

ಎಚ್ಚರವಾದಾಗ ಫ್ಯಾಕ್ಟರಿಯ ಗೇಟಿನ ಮುಂದಿದ್ದೆ. ಹನ್ನೆರಡು ಮೈಲಿ ಆಚೆ! ಮಧ್ಯಾಹ್ನ ತಿರುಗಿತ್ತು. ಮುಗಿಯಿತು, ಇನ್ನು ಎಮ್ಮೆ ಮೇಯಿಸುವುದೇ ಅಂತ ಅಳು ಬಂತು. ಬೆವರು ಸುರಿಸಿಕೊಂಡು ಮಂಡ್ಯ ಸ್ಟೇಷನ್ನಿಗೆ ಹೋಗಿ ಮದ್ದೂರಿನ ರೈಲಿಗೆ ಕಾದು ನಿಂತೆ. ಮದ್ದೂರಿನ ಕಡೆಯಿಂದ ಒಂದು ರೈಲು ಬಂತು. ಅದರಿಂದ ಇಳಿದರು, ಇನ್‌ಸ್ಪೆಕ್ಟರು.

ನನ್ನನ್ನು ನೋಡಿ ಮರದ ಹಾಗೆ ನಿಂತರು. ತಲೆತುಂಬ ಧೂಳು, ಒದ್ದೆಯಾದ ಬನೀನು, ಕೊರಳಲ್ಲಿ ಸೀಟಿ.

"ರೀ, ನಾವಲ್ಲಿ ನಿಮ್ಮನ್ನ ಹುಡುಕದ ಜಾಗ ಇಲ್ಲ! ಇಲ್ಲೀತನಕ ಬಂದ್ರಾ? ಒಂದು ಮೈಲಿ ಅಂದರೆ ಹನ್ನೆರಡು ಮೈಲಿ ಬಂದ್ರೇನ್ರೀ?"

ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಅವರು ಪ್ಲಾಟ್‌ಫಾರಮ್ಮಿನ ಜನರೆದುರಿಗೇ ನನ್ನನ್ನು ತಬ್ಬಿಕೊಂಡರು. ಅವರ ಕೋಟಿಗೆ ಒಂದು ಎಳೆ ಸೋಗೆ ಅಂಟಿಕೊಂಡಿತು. ನಾನು ಅದನ್ನು ಮೆತ್ತಗೆ ತೆಗೆದು, ಹಿಂದಕ್ಕೆ ಬಿಸಾಕಿದೆ.

ಖಾಯಂ

ಎಂಟು ದಿನಕ್ಕೆ ಮಂಡ್ಯದ ಆಫೀಸಿನಿಂದ ಕರೆ ಬಂತು, ಆರ್ಡರು ಕೈಗೆ ಕೊಡುತ್ತಾರಂತೆ. ಅದೇ ದಿನ ಮಾವನ ಕಾಗದವೂ ಬಂತು. ಹೆಣ್ಣು ಮಗು ಹುಟ್ಟಿದೆ, ತಾಯಿ ಮಗು ಆರೋಗ್ಯ. ಹನ್ನೆರಡು ಮೈಲಿ ಓಡಿದ ಅಳಿಯ ಅಂತ ಕಿರುಗಾವಲು ಸಂತೆಯಲ್ಲಿ ತಮಗೆ ಎಲ್ಲರೂ ಕೂರುವುದಕ್ಕೆ ಜಾಗ ಬಿಡುತ್ತಿದ್ದಾರೆ. ಆ ಕಾಗದ ಓದಿ ನನಗೆ ಅನ್ನ ಇಳಿಯಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಮಾತು. ಹುಟ್ಟಿದ ಕೂಸಿಗೆ ಸುಳ್ಳಿನ ಅನ್ನ ಹಾಕುವುದೇ? ಏನಾದರೂ ಆಗಲಿ, ನಿಜ ಹೇಳಿಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿ ಬೆಳಗಿನ ರೈಲು ಹತ್ತಿದೆ.

ಇನ್‌ಸ್ಪೆಕ್ಟರು ಬಾಗಿಲಿಗೇ ಬಂದರು. "ಬನ್ನಿ, ಬನ್ನಿ. ಇವತ್ತೂ ಓಡೇ ಬಂದ್ರಾ?"

ಗುಮಾಸ್ತರೆಲ್ಲ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಬಾಯಿ ತೆಗೆದೆ. "ಹೂಂ ಸಾರ್," ಅಂತು ಹಾಳಾದ ಬಾಯಿ.

"ಭೇಷ್! ಹಾಗಾದರೆ ಆರ್ಡರು ಇಲ್ಲಿ ಕೊಡೋದಿಲ್ಲ. ನಾನೂ ನಿಮ್ಮ ಜೊತೆ ಮದ್ದೂರಿನವರೆಗೆ ಓಡಿ ಬಂದು ಮಕ್ಕಳ ಮುಂದೆ ಕೊಡ್ತೀನಿ. ನಡೀರಿ!" ಅಂದವರೇ ಪೇಟ, ಕೋಟು ಜವಾನನ ಕೈಗೆ ಕೊಟ್ಟು, ಆರ್ಡರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೋಡು ಬಿಚ್ಚಿಟ್ಟು, ಕಚ್ಚೆ ಬಿಗಿದರು. ನಾನು ಏನು ಹೇಳುವುದಕ್ಕೂ ಮೊದಲೇ ರಸ್ತೆಯಲ್ಲಿದ್ದರು.

ಓಡಿದೆವು. ಮೊದಲನೇ ಮೈಲಿಗೆ ಅವರು ನನ್ನನ್ನು ಹೊಗಳುತ್ತಿದ್ದರು. ಎರಡನೇ ಮೈಲಿಗೆ ಮಾತು ನಿಂತಿತು. ನನಗೆ ಪಕ್ಕೆ ಹಿಡಿದುಕೊಂಡು, ಕಣ್ಣು ಕತ್ತಲೆ ಬಂದು, ಹೆಂಡತಿ ಮಗುವಿನ ಮುಖ ಎದುರಿಗೆ ತೇಲುತ್ತಿತ್ತು. ಮೂರನೇ ಮೈಲಿಗಲ್ಲು ತಬ್ಬಿಕೊಂಡು ಕುಸಿದೆ.

"ಸಾರ್, ತಪ್ಪಾಯ್ತು! ಅವತ್ತು ನಾನು ಓಡಲಿಲ್ಲ. ಕಬ್ಬಿನ ಗಾಡೀಲಿ ಮಲಗಿ ನಿದ್ದೆ ಮಾಡ್ಕೊಂಡು ಬಂದೆ. ಇವತ್ತು ಬಂದದ್ದು ರೈಲಲ್ಲಿ. ನನಗೆ ಈ ಕೆಲಸ ಬೇಡ ಸಾರ್," ಅಂತ ಮಕ್ಕಳ ಹಾಗೆ ಅತ್ತೆ.

ಇನ್‌ಸ್ಪೆಕ್ಟರು ರಸ್ತೆಯ ಮಧ್ಯದಲ್ಲೇ ಕೂತರು. ಎದೆ ತಿದಿಯ ಹಾಗೆ ಏಳುತ್ತಿತ್ತು. ಕೈ ಬೆರಳಿನಿಂದ ಮೈಲಿಗಲ್ಲನ್ನು ತೋರಿಸಿದರು.

"ಎಷ್ಟ್ರೀ ಅದು?"

"ಮೂರು, ಸಾರ್."

"ಪರೀಕ್ಷೆ ಇದ್ದದ್ದು?"

"ಒಂದು ಮೈಲಿಗೆ, ಸಾರ್."

ಸೊಂಟದಿಂದ ಬೆವರಿಗೆ ನೆಂದ ಆರ್ಡರು ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. ನನಗೆ ತಲೆ ಎತ್ತುವುದಕ್ಕೆ ಆಗಲಿಲ್ಲ. ಅವರ ಕಾಲು ಮುಟ್ಟೋಣ ಅಂತ ನೋಡಿದರೆ, ಎರಡು ಪಾದಕ್ಕೂ ಬೊಬ್ಬೆ ಎದ್ದಿತ್ತು. ಮೇಲೆ ಬಿಸಿಲು. ಮಂಡ್ಯ ಮೂರು ಮೈಲಿ ಹಿಂದೆ, ಮದ್ದೂರು ಒಂಬತ್ತು ಮೈಲಿ ಮುಂದೆ, ಸಾಯಂಕಾಲದವರೆಗೆ ರೈಲಿಲ್ಲ. ಅವರು ಹಿಂದಕ್ಕೊಮ್ಮೆ ನೋಡಿದರು, ಮುಂದಕ್ಕೊಮ್ಮೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲಯ್ಯಾ, ಇದನ್ನ ಆಫೀಸಿನ ಬಾಗಿಲಲ್ಲೇ ಹೇಳೋದಕ್ಕೆ ನಿನಗೇನು ಧಾಡಿಯಾಗಿತ್ತು?"